ಹೆಬ್ಬೆಟ್ಟು

ಮದ್ದೂರಿನ ಎಳನೀರು ಮಂಡಿಯಲ್ಲಿ
ಲೆಕ್ಕ ಬರೆಯುವವಳು ನಾನು.
ಎಂಟು ವರ್ಷ ಎಣಿಸಿದ್ದು ಎರಡೇ: ಕಾಯಿ ಮತ್ತು ಹೆಬ್ಬೆಟ್ಟು.
ಶನಿವಾರ ಸಂಜೆ ಬಟವಾಡೆ.
ಲೋಡು ಹೊರುವವರು ಸಾಲಾಗಿ ಬಂದು
ನೀಲಿ ಪ್ಯಾಡಿಗೊಮ್ಮೆ, ನನ್ನ ಪುಸ್ತಕಕ್ಕೊಮ್ಮೆ ಒತ್ತಿ
ಉಳಿದ ಮಸಿ ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಾರೆ.
ಮುಖ ಮರೆತರೂ ಬೆರಳು ಮರೆಯುವುದಿಲ್ಲ ನನಗೆ.
ಕಾಳಮರಿಯದು ಮಚ್ಚು ತಾಗಿ ಅರ್ಧವೇ ಮೂಡುತ್ತದೆ.

ಬಿ.ಕಾಂ. ಸೇರಿದ್ದು ಮೂವತ್ತೊಂದರಲ್ಲಿ.
ಮೈಸೂರಿನ ಕಾಲೇಜು, ಮೊಬೈಲಿನೊಳಗೆ.
ಕೊನೆಯ ಲಾರಿ ಹೊರಟ ಮೇಲೆ
ಮಸಿಪ್ಯಾಡಿನ ಡಬ್ಬಿಗೆ ಫೋನು ಒರಗಿಸಿ ಪಾಠ ಕೇಳುತ್ತಿದ್ದೆ.
ತೆರೆದ ಬಾಯಿ ತೆರೆದಂತೇ ಮೇಷ್ಟ್ರು ನಿಂತುಬಿಡುತ್ತಿದ್ದರು,
ಮತ್ತೆ ಅಲುಗಾಡುವ ಹೊತ್ತಿಗೆ ಮುಂದಿನ ಅಧ್ಯಾಯ.
ಮೊದಲ ಅಸೈನ್‌ಮೆಂಟು ವಾಪಸು ಬಂತು:
ನಕಲು, ನೂರಕ್ಕೆ ಎಪ್ಪತ್ತೊಂದು.
ಅದನ್ನು ನಕಲು ಅನ್ನುತ್ತಾರೆಂದೇ ತಿಳಿದಿರಲಿಲ್ಲ.
ಇಷ್ಟವಾದ ಸಾಲು ಬರೆದುಕೊಂಡಿದ್ದೆ, ಅಷ್ಟೇ.

ಬಿಟ್ಟೇಬಿಡೋಣ ಅಂದುಕೊಂಡ ರಾತ್ರಿ
ಪರದೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರ:
ಗ್ರಂಥಪಾಲಕರನ್ನು ಕೇಳಿ.
ಕೇಳುವುದೇನೆಂದು ಹೊಳೆಯದೆ ನಮಸ್ಕಾರ ಅಂತ ಬರೆದೆ.
"ನಮಸ್ಕಾರ. ಊಟ ಆಯ್ತಾ?" ಅಂತ ಬಂತು.
ಹೆಸರು ಜೆಸಿಂತಾ.

"ಎಳನೀರು ಅಂತ ಹುಡುಕಿದೆ ಮೇಡಂ,
ಮುಖದ ಕಾಂತಿ, ಮೂತ್ರಪಿಂಡದ ಕಲ್ಲು, ಬರೋದು ಇಷ್ಟೇ."
"ನಿಮಗೆ ಬೇಕಾದ್ದು ಎಳನೀರಾ, ಎಳನೀರಿನ ಬೆಲೆಯಾ?
ಅಥವಾ, ಆ ಬೆಲೆ ಕಟ್ಟೋದು ಯಾರು ಅನ್ನೋದಾ?"

ಫೋನು ಕೆಳಗಿಟ್ಟೆ.
ಎಂಟು ವರ್ಷ ಮಂಡಿಯಲ್ಲೇ ಕೂತವಳನ್ನು
ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ.
ನಾನೂ ಕೇಳಿಕೊಂಡಿರಲಿಲ್ಲ.
ಮೂರನೆಯದು, ಅಂತ ಬರೆದೆ.

ಉತ್ತರ ಮಾತ್ರ ಅವರು ಕೊಡಲಿಲ್ಲ, ಒಂದು ದಿನವೂ.
ಯಾವ ಪದ ಬಿಟ್ಟು ಯಾವ ಪದ ಹಾಕಬೇಕು,
ಯಾವ ಬಾಗಿಲು ಬರೀ ಗೋಡೆಗೆ ಬರೆದ ಬಣ್ಣ,
ಬೇರೆಯವರ ಮಾತು ತಂದರೆ ಕೆಳಗೆ ಅವರ ಹೆಸರು, ಇಸವಿ, ಪುಟ.
"ಓ, ರಸೀದಿ!" ಅಂದೆ.
"ಹ್ಞೂಂ. ರಸೀದಿ."
ಆಮೇಲೆ ಅದೊಂದು ನನಗೆ ಹೇಳಿಕೊಡಬೇಕಾಗಲಿಲ್ಲ.

ಬೇಕಿದ್ದ ಒಂದು ವರದಿ ಯಾವ ಜಾಲದಲ್ಲೂ ಇಲ್ಲ.
ಮುಚ್ಚಿಹೋದ ಯಾವುದೋ ಸಹಕಾರ ಸಂಘದ್ದು,
ಅವರ ಹಿಂದಿನ ಕೋಣೆಯಲ್ಲಿ, ಕೆಳಗಿನ ಸಾಲಿನಲ್ಲಿ.
ಮರುಬೆಳಿಗ್ಗೆ ಹನ್ನೆರಡು ಫೋಟೋ.
ಗೆದ್ದಲು ಮೇಯ್ದ ಅಂಚು, ನಡುವಿನ ಹೊಲಿಗೆಗೆ ಜಾರಿದ ಸಾಲು,
ಹಾಳೆ ಮೇಲೇಳದಂತೆ ಮೂಲೆಯಲ್ಲಿ ಒತ್ತಿಹಿಡಿದ
ಅವರ ಹೆಬ್ಬೆರಳು.
ಮೋಟು ಉಗುರು. ಗಿಣ್ಣಿನ ಮೇಲೆ ಈಳಿಗೆ ತಾಗಿದ ಬಿಳಿ ಗೆರೆ.
ಪುಟ ನಲವತ್ತಾರರಲ್ಲಿ ಅಂಕಿಯ ಮೇಲೇ ಕೂತಿತ್ತು.
"ಬೆರಳು ತೆಗೀರಿ ಮೇಡಂ" ಅಂದೆ.
ನಗುವ ಮುಖವೊಂದನ್ನು ಕಳಿಸಿ
ಮತ್ತೆ ಆ ಕೋಣೆಗೆ ಹೋಗಿ ತೆಗೆದು ಕಳಿಸಿದರು.

ನಮ್ಮವ್ವ ಹಿಂದಿನಿಂದ ಇಣುಕಿ ನೋಡಿ,
"ಇವರೂ ನನ್ನಂಗೆ ಹೆಬ್ಬೆಟ್ಟಾ?" ಅಂದಳು.
"ಅಲ್ಲ ಕಣವ್ವ, ಬೋ ಓದವರೆ."
"ಮತ್ಯಾಕೆ ಹನ್ನೆರಡು ಕಿತ ಒತ್ತವರೆ?"
ಜೆಸಿಂತಾ ಮೇಡಮ್ಮನ್ನು ಕೇಳಬೇಕೆಂದುಕೊಂಡೆ.
ಕೇಳಲಿಲ್ಲ.

ಆ ಸಲ ಐವತ್ತೆಂಟು ಬಂತು.
ನಕಲು: ನಾಲ್ಕು. ನಾಲ್ಕಕ್ಕೂ ರಸೀದಿ ಇತ್ತು.

ಪರೀಕ್ಷೆಗೆಂದು ಮೈಸೂರಿಗೆ ಹೋದ ದಿನ
ಸರಸ್ವತಿಪುರದ ಆ ಲೈಬ್ರರಿ ಹುಡುಕಿಕೊಂಡು ಹೋದೆ.
ಕೌಂಟರಿನಾಚೆ ಮೂವರು. ಮೂರು ಮುಖವೂ ಹೊಸದು.
ನಡುವಿನವರು ಒಬ್ಬ ಹುಡುಗನಿಗೆ ಸೀಲು ಒತ್ತಿ ಪುಸ್ತಕ ಕೊಡುತ್ತಿದ್ದರು.
ಮೋಟು ಉಗುರು, ಬಿಳಿ ಗೆರೆ.
ಸಾಲಿನಲ್ಲಿ ನಿಂತೆ.
"ಏನು ಬೇಕಮ್ಮ?" ಅಂದರು, ತಲೆಯೆತ್ತದೆ.
ಬಾಯಿಗೆ ಒಂದು ಪ್ರಶ್ನೆಯೂ ಬರಲಿಲ್ಲ.
ತಿನ್ನುವಂತಿಲ್ಲ, ಕುಡಿಯುವಂತಿಲ್ಲ ಎಂಬ ಫಲಕದ ಕೆಳಗೆ
ಚೀಲದಿಂದ ಎರಡು ಎಳನೀರು ತೆಗೆದಿಟ್ಟೆ.
ಅವರು ಕಾಯಿ ನೋಡಿದರು, ನನ್ನ ನೋಡಿದರು,
ಸೀಲು ಪಕ್ಕಕ್ಕಿಟ್ಟರು.

"ಇದರ ಬೆಲೆ ಕಟ್ಟಿದ್ದು ಯಾರು?"